ಎರಡು ತೇರು ಕಳೆಯಲಿ, ಬಳಿಕ ತೊಟ್ಟಿಲು ತೂಗಲಿ



ಹೋಳಿ ಹುಣ್ಣಿಮೆ ಕಳೆದ ಕೆಲವೇ ದಿನಗಳಲ್ಲಿ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ತೇರು ಸಾಗುತ್ತದೆ. ದಾಸೋಹಕ್ಕೆ ಹೆಸರಾದ ಆ ಶರಣರು 1822ರಲ್ಲಿ ಲಿಂಗೈಕ್ಯರಾದರು. ಇಂದಿಗೂ ಸುತ್ತಲಿನ ಹಳ್ಳಿಗಳ ಜನರು ತಮ್ಮ ಸುಖದುಃಖಗಳನ್ನೆಲ್ಲ ಅವರ ಗದ್ದುಗೆಯ ಮುಂದೆ ಹೇಳಿಕೊಳ್ಳುತ್ತಾರೆ. ಮಳೆ ಬರಲೆಂದು ಬೇಡುವವರುಂಟು, ಮಗಳ ಮದುವೆಯಾಗಲೆಂದು ಬೇಡುವವರುಂಟು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ದಂಪತಿಗಳು ಮಡಿಲು ತುಂಬಲೆಂದು ಹರಕೆ ಹೊರುವುದೂ ಉಂಟು. ನಮ್ಮ ಕಡೆಯಲ್ಲಿ ವರ್ಷದ ಲೆಕ್ಕವೂ ತೇರಿನಿಂದಲೇ ನಡೆಯುತ್ತದೆ. ಹೋದ ತೇರಿಗೆ ಮದುವೆಯಾಯಿತು, ಬರುವ ತೇರಿನೊಳಗೆ ಮನೆ ಕಟ್ಟಿ ಮುಗಿಸಬೇಕು ಎಂದು ಹೇಳುವುದನ್ನು ನಾವು ದಿನವೂ ಕೇಳುತ್ತೇವೆ. ಈ ಲೇಖನದ ಮುಖ್ಯ ಮಾತನ್ನೂ ತೇರಿನ ಲೆಕ್ಕದಲ್ಲಿಯೇ ನಿಮಗೆ ತಿಳಿಸಲು ಬಯಸುತ್ತೇನೆ.

ಮೊದಲು ಒಂದು ನಿಜಸಂಗತಿಯನ್ನು ಕೇಳಿರಿ. ಕಮಲಾಪುರ ಕಡೆಯ ಒಂದು ಒಕ್ಕಲುತನದ ಮನೆ. ಮದುವೆಯಾಗಿ ಎಂಟು ವರ್ಷಗಳಾಗಿದ್ದರೂ ಆ ಮನೆಯ ಸೊಸೆಗೆ ಮಕ್ಕಳಿರಲಿಲ್ಲ. ಮೈತೂಕ ಬಹಳ ಹೆಚ್ಚಾಗಿತ್ತು. ಮುಟ್ಟು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಬರುತ್ತಿತ್ತು. ಜೊತೆಗೆ ಸಕ್ಕರೆ ಕಾಯಿಲೆಯೂ ಅಂಟಿಕೊಂಡಿತ್ತು. ಗಂಡಹೆಂಡತಿ ಯೋಚಿಸಿ, ಸಾಲ ಮಾಡಿ, ದೂರದ ನಗರದ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು. ಮೂರು ತಿಂಗಳ ನಂತರ ಆಕೆ ಸುಸ್ತೆಂದು ನನ್ನ ಬಳಿಗೆ ಬಂದಾಗ ನಾನು ಕಬ್ಬಿಣಾಂಶದ ಗುಳಿಗೆಗಳನ್ನು ಬರೆದುಕೊಟ್ಟು ಕಳುಹಿಸಿದೆನು. ಗರ್ಭನಿರೋಧದ ಮಾತನ್ನು ಎತ್ತಲಿಲ್ಲ. ಮಗು ಬೇಕೆಂದು ಹಂಬಲಿಸುವವರ ಮುಂದೆ ಆ ಮಾತನ್ನು ಎತ್ತುವುದು ನನಗೆ ಹೊಳೆಯಲೇ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯಲ್ಲಿಯೂ ಯಾರೂ ಅದನ್ನು ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಮತ್ತೆ ಮೂರು ತಿಂಗಳು ಕಳೆದ ಮೇಲೆ ಆಕೆ ವಾಂತಿಯಿಂದ ಬಳಲಿ, ಬಿಳಿಚಿಕೊಂಡು ಬಂದಳು. ಹೊಟ್ಟೆ ಕಿರಿದಾದ ಕಾರಣ ವಾಂತಿಯಾಗುತ್ತಿದೆಯೆಂದು ಮನೆಯವರು ತಿಳಿದಿದ್ದರು. ಪರೀಕ್ಷೆ ಮಾಡಿದಾಗ ಆಕೆ ಗರ್ಭಿಣಿಯೆಂದೂ ಐದನೆಯ ತಿಂಗಳು ನಡೆಯುತ್ತಿದೆಯೆಂದೂ ಗೊತ್ತಾಯಿತು. ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಂ ಮಾತ್ರವಿತ್ತು. ಜೊತೆಗೆ ಬಂದಿದ್ದ ಅತ್ತೆ ನಂಬಲಾರದೆ, "ಎಂಟ್ ವರ್ಷ ಆಗದ್ದು ಈಗ ಎಲ್ಡ್ ಮೂರ್ ತಿಂಗಳದಾಗ ಹ್ಯಾಂಗ ಆಗ್ತದ್ರಿ ಸಾಹೇಬ್ರ?" ಎಂದು ಕೇಳಿದರು.

ಆ ಹಿರಿಯರ ಪ್ರಶ್ನೆಗೆ ಉತ್ತರವೇ ಈ ಲೇಖನ. ತೂಕ ಇಳಿದೊಡನೆ ಗರ್ಭ ಧರಿಸುವ ಶಕ್ತಿ ದಂಪತಿಗಳು ಎಣಿಸಿದ್ದಕ್ಕಿಂತ ಬೇಗನೆ ಮರಳುತ್ತದೆ. ಆದರೆ ಮಗುವನ್ನು ಬೆಳೆಸುವಷ್ಟು ಪೌಷ್ಟಿಕತೆ ತಾಯಿಯ ಶರೀರದಲ್ಲಿ ಅಷ್ಟು ಬೇಗನೆ ಕೂಡಿಬರುವುದಿಲ್ಲ. ಈ ಎರಡರ ನಡುವಿನ ಕಾಲವೇ ಅಪಾಯದ ಕಾಲ. ಆ ಕಾಲವನ್ನು ದಾಟಿಸುವ ಸೇತುವೆಯೇ ಗರ್ಭನಿರೋಧ.

ಈ ಶಸ್ತ್ರಚಿಕಿತ್ಸೆ ಎಂದರೇನು?

ಬೊಜ್ಜು ಪಟ್ಟಣದವರ ಕಾಯಿಲೆ ಮಾತ್ರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕವುಳ್ಳವರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿದೆ. ಮೈ ದಪ್ಪವಿದ್ದ ಮಾತ್ರಕ್ಕೆ ರಕ್ತ ಪುಷ್ಟಿಯಾಗಿದೆಯೆಂದು ತಿಳಿಯಬಾರದೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ.

ತೂಕ ಹೆಚ್ಚಾಗಿದೆಯೇ ಎಂಬುದನ್ನು ಎತ್ತರದೊಡನೆ ಹೋಲಿಸಿ ನೋಡಬೇಕು. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಒಂದು ಸಂಖ್ಯೆ ದೊರೆಯುತ್ತದೆ. ಉದಾಹರಣೆಗೆ, 1.52 ಮೀಟರ್ ಎತ್ತರ ಹಾಗೂ 92 ಕಿಲೋ ತೂಕವುಳ್ಳ ಮಹಿಳೆಗೆ ಈ ಸಂಖ್ಯೆ ಸುಮಾರು 40 ಆಗುತ್ತದೆ. ನಮ್ಮ ದೇಶದವರಿಗೆ ಇದು 23ಕ್ಕಿಂತ ಕಡಿಮೆ ಇರುವುದು ಒಳ್ಳೆಯದು. 35 ದಾಟಿದವರಿಗೆ, ಅಥವಾ ಅದಕ್ಕಿಂತ ಕಡಿಮೆಯಿದ್ದರೂ ಸಕ್ಕರೆ ಕಾಯಿಲೆಯಂಥ ತೊಂದರೆಗಳು ಜೊತೆಗಿರುವವರಿಗೆ, ಆಹಾರ ನಿಯಮ ಮತ್ತು ವ್ಯಾಯಾಮದಿಂದ ಸಾಕಷ್ಟು ಗುಣ ಕಾಣದಿದ್ದಾಗ ತಜ್ಞವೈದ್ಯರು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ. ಇದು ಅಂದಕ್ಕಾಗಿ ಮಾಡಿಸಿಕೊಳ್ಳುವ ಚಿಕಿತ್ಸೆಯಲ್ಲ. ಮಕ್ಕಳಾಗಲೆಂಬ ಒಂದೇ ಕಾರಣಕ್ಕೆ ಅವಸರದಿಂದ ಮಾಡಿಸಿಕೊಳ್ಳತಕ್ಕದ್ದೂ ಅಲ್ಲ. ಅನೇಕರಿಗೆ ತೂಕ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಮುಟ್ಟು ಸರಿಹೋಗುವುದುಂಟು.

ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು ಬಗೆಯವು. ಮೊದಲನೆಯದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಉಳಿದುದನ್ನು ತೋಳಿನಂತೆ ಉದ್ದನೆಯ ನಳಿಕೆಯನ್ನಾಗಿ ಮಾಡುತ್ತಾರೆ. ಎರಡನೆಯದು ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಚಿಕ್ಕ ಚೀಲವೊಂದನ್ನು ಉಳಿಸಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ತಿಂದ ಅನ್ನವು ಕರುಳಿನ ಮೇಲ್ಭಾಗವನ್ನು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಕಾಲುವೆಯ ನೀರನ್ನು ಮೇಲಿನ ಹೊಲಗಳಿಗೆ ಹರಿಸದೆ ನೇರವಾಗಿ ಕೆಳಗಿನ ಹೊಲಕ್ಕೆ ಬಿಟ್ಟಂತೆ ಇದು. ನೀರು ಹರಿದರೂ ಮೇಲಿನ ಹೊಲ ಒಣಗಿಯೇ ಉಳಿಯುತ್ತದೆ. ಕಬ್ಬಿಣಾಂಶ, ಸುಣ್ಣದ ಅಂಶ ಹಾಗೂ ಕೆಲವು ಜೀವಸತ್ವಗಳು ಹೆಚ್ಚಾಗಿ ಶರೀರಕ್ಕೆ ಸೇರುವುದು ಆ ಮೇಲ್ಭಾಗದಲ್ಲಿಯೇ. ನಿಮಗೆ ಆಗಿರುವುದು ಯಾವ ಬಗೆಯ ಶಸ್ತ್ರಚಿಕಿತ್ಸೆ ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಮುಂದಿನ ಅನೇಕ ನಿರ್ಧಾರಗಳು ಅದನ್ನೇ ಅವಲಂಬಿಸಿವೆ.

ಮುಟ್ಟು ಬರುವ ಮುಂಚೆಯೇ ಗರ್ಭ ನಿಲ್ಲಬಹುದು

ಮಹಿಳೆಯ ಅಂಡಾಶಯದಿಂದ ತಿಂಗಳಿಗೊಮ್ಮೆ ಒಂದು ಅಂಡಾಣು ಹೊರಬರಬೇಕು. ಶರೀರದ ಕೊಬ್ಬು ಸುಮ್ಮನೆ ಕುಳಿತ ಹೊರೆಯಲ್ಲ. ಅದು ತಾನೇ ಹಾರ್ಮೋನುಗಳನ್ನು ಉತ್ಪಾದಿಸುತ್ತದೆ. ಕೊಬ್ಬು ಮಿತಿಮೀರಿದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಅಂಡಾಶಯದ ಕೆಲಸ ಏರುಪೇರಾಗುತ್ತದೆ, ಅಂಡಾಣು ಬಿಡುಗಡೆಯಾಗುವುದು ತಪ್ಪಿಹೋಗುತ್ತದೆ. ಮುಟ್ಟು ತಪ್ಪುವುದಕ್ಕೂ ಗರ್ಭ ನಿಲ್ಲದಿರುವುದಕ್ಕೂ ಅನೇಕರಲ್ಲಿ ಇದೇ ಕಾರಣ. ಇಂಥ ಮಹಿಳೆಯನ್ನು ಬಂಜೆಯೆಂದು ಕರೆಯುವುದು ಕ್ರೂರವೂ ಹೌದು, ತಪ್ಪೂ ಹೌದು. ಆಕೆಯ ಅಂಡಾಶಯ ಬರಡಾಗಿಲ್ಲ, ತಡೆಯೊಂದಕ್ಕೆ ಸಿಲುಕಿದೆ ಅಷ್ಟೆ.

ಶಸ್ತ್ರಚಿಕಿತ್ಸೆಯ ನಂತರ ಆ ತಡೆ ಕೆಲವೇ ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ದಂಪತಿಗಳು ತಿಳಿದಿರಬೇಕು. ಅಂಡಾಣು ಹೊರಬರುವುದು ಮೊದಲು, ಮುಟ್ಟು ಬರುವುದು ಅದಾದ ಸುಮಾರು ಎರಡು ವಾರಗಳ ನಂತರ. ಆದುದರಿಂದ ಬಹುದಿನಗಳಿಂದ ಮುಟ್ಟು ನಿಂತಿದ್ದ ಮಹಿಳೆ ಒಮ್ಮೆಯೂ ಮುಟ್ಟಾಗದೆಯೇ ಗರ್ಭಿಣಿಯಾಗಬಹುದು. ಮುಟ್ಟು ಸರಿಹೋಗಲಿ, ಆಮೇಲೆ ನೋಡೋಣ ಎಂದು ಗರ್ಭನಿರೋಧವನ್ನು ಮುಂದೂಡಿದವರು ಹೀಗೆಯೇ ಮೋಸಹೋಗುತ್ತಾರೆ. ಇಷ್ಟು ವರ್ಷ ಏನೂ ಮಾಡದೆಯೂ ಮಕ್ಕಳಾಗಲಿಲ್ಲವೆಂಬ ಹಳೆಯ ಅನುಭವವನ್ನು ಶಸ್ತ್ರಚಿಕಿತ್ಸೆಯ ನಂತರ ನಂಬಲಾಗದು.

ಏಕೆ ಕಾಯಬೇಕು?

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷದಲ್ಲಿ ತೂಕ ವೇಗವಾಗಿ ಇಳಿಯುತ್ತದೆ. ಶರೀರವು ಕೂಡಿಟ್ಟ ಗಂಟನ್ನು ಕರಗಿಸಿ ಬದುಕುವ ಕಾಲವದು. ಊಟ ಕೆಲವೇ ತುತ್ತುಗಳಿಗೆ ಇಳಿದಿರುತ್ತದೆ. ಕಬ್ಬಿಣಾಂಶ, ಬಿ-12 ಜೀವಸತ್ವ, ಫೋಲಿಕ್ ಆಮ್ಲ, ಸುಣ್ಣದ ಅಂಶ ಹಾಗೂ ಡಿ ಜೀವಸತ್ವಗಳ ಕೊರತೆ ತಲೆದೋರಬಹುದು. ಪದೇ ಪದೇ ವಾಂತಿಯಾದರೆ ಬಿ-1 ಜೀವಸತ್ವವೂ ಬರಿದಾಗಿ ನರಗಳಿಗೂ ಮೆದುಳಿಗೂ ಅಪಾಯ ಒದಗಬಹುದು.

ಇಂಥ ಸಮಯದಲ್ಲಿ ಗರ್ಭ ನಿಂತರೆ ತಾಯಿ ಮತ್ತು ಮಗು ಒಂದೇ ಬರಿದಾದ ಕಣಜದಿಂದ ಕಾಳು ತೆಗೆಯಬೇಕಾಗುತ್ತದೆ. ತಾಯಿಯ ರಕ್ತಹೀನತೆ ಉಲ್ಬಣಿಸುತ್ತದೆ. ಮಗು ಕಡಿಮೆ ತೂಕದ್ದಾಗುವ ಹಾಗೂ ದಿನ ತುಂಬುವ ಮೊದಲೇ ಹುಟ್ಟುವ ಸಂಭವ ಹೆಚ್ಚುತ್ತದೆ. ತಾಯಿಗೆ ಶಸ್ತ್ರಚಿಕಿತ್ಸೆಯಿಂದ ದೊರೆಯಬೇಕಾಗಿದ್ದ ಪೂರ್ಣ ಪ್ರಯೋಜನವೂ ಕುಂಠಿತವಾಗಬಹುದು.

ತಕ್ಕ ಕಾಲ ಕಾದು ಗರ್ಭಿಣಿಯಾದರೆ ಇದೇ ಶಸ್ತ್ರಚಿಕಿತ್ಸೆ ವರವಾಗಿ ಪರಿಣಮಿಸುತ್ತದೆ. ಹಿಂದಿನ ತೂಕದಲ್ಲಿಯೇ ಗರ್ಭ ಧರಿಸಿದ್ದರೆ ಬರಬಹುದಾಗಿದ್ದ ಗರ್ಭಕಾಲದ ಸಕ್ಕರೆ ಕಾಯಿಲೆ ಹಾಗೂ ರಕ್ತದ ಒತ್ತಡ ಇವುಗಳ ಸಂಭವ ಈಗ ಕಡಿಮೆಯಾಗುತ್ತದೆ.

ಎಷ್ಟು ಕಾಲ ಕಾಯಬೇಕು?

ತೂಕ ಇಳಿಯುವುದು ನಿಂತು, ರಕ್ತಪರೀಕ್ಷೆಗಳು ತೃಪ್ತಿಕರವಾಗಿ ಕಂಡುಬರುವವರೆಗೆ ಕಾಯಬೇಕು. ಇದಕ್ಕೆ ಸಾಮಾನ್ಯವಾಗಿ 12ರಿಂದ 18 ತಿಂಗಳು, ಕೆಲವರಿಗೆ 24 ತಿಂಗಳು ಬೇಕಾಗುತ್ತದೆಂದು ತಜ್ಞರು ಹೇಳುತ್ತಾರೆ. ಇದನ್ನು ನೆನಪಿಡಲು ಸುಲಭವಾದ ಮಾತು ಇದು: ಶಸ್ತ್ರಚಿಕಿತ್ಸೆಯ ನಂತರ ಎರಡು ತೇರುಗಳನ್ನು ನೋಡಿರಿ, ಅದುವರೆಗೆ ಗರ್ಭ ಬೇಡ. ತೇರಿನ ಹಿಂದಿನ ವಾರ ಶಸ್ತ್ರಚಿಕಿತ್ಸೆಯಾದವರಿಗೆ ಎರಡನೆಯ ತೇರಿನ ಹೊತ್ತಿಗೆ ಸುಮಾರು 12 ತಿಂಗಳು ಕಳೆದಿರುತ್ತವೆ. ತೇರಿನ ಮಾರನೆಯ ವಾರ ಆದವರಿಗೆ ಸುಮಾರು 24 ತಿಂಗಳು. ಯಾವ ತಿಂಗಳಲ್ಲಿ ಆಗಿದ್ದರೂ ಈ ಲೆಕ್ಕ ಹನ್ನೆರಡು ಮತ್ತು ಇಪ್ಪತ್ತನಾಲ್ಕರ ನಡುವೆಯೇ ಬರುತ್ತದೆ. ಎರಡನೆಯ ತೇರು ಕಳೆದ ಮೇಲೆಯೂ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿಕೊಂಡೇ ಮುಂದುವರಿಯತಕ್ಕದ್ದು. ಮಹಿಳೆಯ ವಯಸ್ಸು 35 ದಾಟಿದ್ದರೆ ಎಷ್ಟು ಕಾಯಬೇಕೆಂಬುದನ್ನು ತಜ್ಞರೊಡನೆ ಮೊದಲೇ ಮಾತನಾಡಿ ನಿಶ್ಚಯಿಸಿಕೊಳ್ಳಬೇಕು.

ಗರ್ಭನಿರೋಧವೆಂದರೆ ಮಕ್ಕಳೇ ಬೇಡವೆನ್ನುವುದೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಗರ್ಭನಿರೋಧ ಚಿಕಿತ್ಸಾಲಯಗಳಿಗೆ ಅನುಮತಿ ನೀಡಿತ್ತು. ಆಗ ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಭಾರತ ಸರ್ಕಾರದ ಕುಟುಂಬ ಯೋಜನಾ ಕಾರ್ಯಕ್ರಮವು 1952ರಲ್ಲಿ ಪ್ರಾರಂಭವಾಯಿತು. 1977ರಲ್ಲಿ ಅದಕ್ಕೆ ಕುಟುಂಬ ಕಲ್ಯಾಣವೆಂಬ ಹೆಸರು ಬಂದಿತು. ಮಗು ಬೇಕೆನ್ನುವವರಿಗೆ ಅದು ತಕ್ಕ ಕಾಲದಲ್ಲಿ ಆರೋಗ್ಯವಾಗಿ ಹುಟ್ಟುವಂತೆ ಮಾಡುವುದೂ ಈ ಕಲ್ಯಾಣದ ಒಂದು ಭಾಗವೇ.

ಯಾವ ವಿಧಾನ ತಕ್ಕುದು?

ನುಂಗುವ ಗುಳಿಗೆಗಳು: ಮಾಲಾ-ಎನ್ ಗುಳಿಗೆ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಸಾಮಾನ್ಯ ಮಹಿಳೆಯರಿಗೆ ಇದು ಉತ್ತಮ ಸಾಧನ. ಆದರೆ ಗುಳಿಗೆ ಕೆಲಸ ಮಾಡಬೇಕಾದರೆ ಅದು ಕರುಳಿನಿಂದ ರಕ್ತಕ್ಕೆ ಸೇರಬೇಕು. ಬೈಪಾಸ್ ಆದವರಲ್ಲಿ ಅದು ಪೂರ್ಣವಾಗಿ ಸೇರುವುದೆಂಬ ಭರವಸೆಯಿಲ್ಲ. ಯಾವ ಬಗೆಯ ಶಸ್ತ್ರಚಿಕಿತ್ಸೆಯಾಗಿದ್ದರೂ ವಾಂತಿ ಭೇದಿಗಳಾದರೆ ಗುಳಿಗೆ ನಿಷ್ಫಲವಾಗಬಹುದು. ಅಲ್ಲದೆ ಇಂಥ ಹಾರ್ಮೋನು ಗುಳಿಗೆಯನ್ನು ಬಹಳ ದಪ್ಪವಿರುವವರು ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸೇವಿಸಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಈಗಾಗಲೇ ಸೇವಿಸುತ್ತಿರುವವರು ಶಸ್ತ್ರಚಿಕಿತ್ಸೆಗೆ ಸಾಕಷ್ಟು ಮೊದಲೇ ವೈದ್ಯರಿಗೆ ತಿಳಿಸಿ, ಬೇರೆ ವಿಧಾನಕ್ಕೆ ಬದಲಾಯಿಸಿಕೊಳ್ಳಬೇಕು. ವಾರದ ಗುಳಿಗೆಯಾದ ಛಾಯಾದಲ್ಲಿ ಈ ಹಾರ್ಮೋನುಗಳಿಲ್ಲ. ಆದರೂ ಅದು ನುಂಗುವ ಗುಳಿಗೆಯೇ ಆದುದರಿಂದ ಬೈಪಾಸ್ ಆದವರು ಅದೊಂದನ್ನೇ ನೆಚ್ಚಿಕೊಳ್ಳಬಾರದು.

ಕಾಪರ್-ಟಿ ಅಥವಾ ವಂಕಿ: ಇದನ್ನು ಗರ್ಭಕೋಶದಲ್ಲಿ ಅಳವಡಿಸಲಾಗುತ್ತದೆ. ಜಠರಕ್ಕೂ ಕರುಳಿಗೂ ಇದಕ್ಕೂ ಸಂಬಂಧವಿಲ್ಲ. ಆದುದರಿಂದ ಶಸ್ತ್ರಚಿಕಿತ್ಸೆಯ ನಂತರವೂ ಇದರ ಶಕ್ತಿ ಕುಂದುವುದಿಲ್ಲ. ಒಂದು ಬಗೆ 5 ವರ್ಷ, ಇನ್ನೊಂದು ಬಗೆ 10 ವರ್ಷ ಕೆಲಸ ಮಾಡುತ್ತದೆ. ಮಗು ಬೇಕೆಂದಾಗ ತೆಗೆಸಿದರೆ ಗರ್ಭ ಧರಿಸುವ ಶಕ್ತಿ ತಡವಿಲ್ಲದೆ ಮರಳುತ್ತದೆ. ಎರಡು ತೇರು ಕಾಯಬೇಕಾದ ದಂಪತಿಗಳಿಗೆ ಇದು ಬಹಳ ಅನುಕೂಲ. ಕೆಲವರಿಗೆ ಮೊದಲ ತಿಂಗಳುಗಳಲ್ಲಿ ಮುಟ್ಟಿನ ಸ್ರಾವ ಹೆಚ್ಚಾಗಬಹುದು. ರಕ್ತಹೀನತೆಯಿರುವವರು ಇದನ್ನು ಲಕ್ಷ್ಯದಲ್ಲಿಡಬೇಕು. ಅಂಥವರಿಗೆ ಹಾರ್ಮೋನುಳ್ಳ ಇನ್ನೊಂದು ಬಗೆಯ ವಂಕಿ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಅದು ಸ್ರಾವವನ್ನು ಕಡಿಮೆ ಮಾಡುತ್ತದೆ. ಸಾಧ್ಯವಾದರೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ವಂಕಿ ಹಾಕಿಸಿಕೊಳ್ಳುವುದು ಉತ್ತಮ.

ಅಂತರಾ ಚುಚ್ಚುಮದ್ದು: 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಸೇರಿರುವ ಈ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಇದೂ ಕರುಳನ್ನು ಅವಲಂಬಿಸಿಲ್ಲ. ಆದರೆ ಮೂರು ವಿಷಯಗಳನ್ನು ತಿಳಿದಿರಬೇಕು. ಇದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಹಲವು ತಿಂಗಳು ತಡವಾಗುವುದುಂಟು. ಎಲುಬಿನ ಸುಣ್ಣದ ಅಂಶ ತುಸು ಕಡಿಮೆಯಾಗಬಹುದು. ಕೆಲವರಲ್ಲಿ ತೂಕ ಹೆಚ್ಚುವುದೂ ಉಂಟು. ಆದುದರಿಂದ ಶಸ್ತ್ರಚಿಕಿತ್ಸೆಯಾದವರು ವೈದ್ಯರೊಡನೆ ವಿಚಾರಿಸಿಯೇ ಇದನ್ನು ಆರಿಸಿಕೊಳ್ಳಬೇಕು.

ನಿರೋಧ್: ಇದರಿಂದ ಪತ್ನಿಯ ಶರೀರಕ್ಕೆ ಯಾವ ಹೊರೆಯೂ ಇಲ್ಲ. ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ದೊರೆಯುತ್ತದೆ. ಆದರೆ ಪ್ರತಿಬಾರಿಯೂ ತಪ್ಪದೆ, ಸರಿಯಾಗಿ ಬಳಸಿದರೆ ಮಾತ್ರ ಫಲಕಾರಿ. ಬಳಕೆಯಲ್ಲಿ ತಪ್ಪುವವರನ್ನೂ ಸೇರಿಸಿ ಲೆಕ್ಕ ಹಾಕಿದರೆ ವರ್ಷದಲ್ಲಿ ನೂರು ದಂಪತಿಗಳಲ್ಲಿ ಸುಮಾರು 13 ಮಂದಿಗೆ ಗರ್ಭ ನಿಲ್ಲುತ್ತದೆ. ಕಾಪರ್-ಟಿಯಲ್ಲಿ ಇದು ಒಂದಕ್ಕಿಂತಲೂ ಕಡಿಮೆ.

ಶಾಶ್ವತ ವಿಧಾನಗಳು: ಸಾಕಷ್ಟು ಮಕ್ಕಳಿದ್ದು ಇನ್ನು ಬೇಡವೆನ್ನುವ ದಂಪತಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯುಂಟು. ಪತ್ನಿಯ ಹೊಟ್ಟೆಯ ಮೇಲೆ ಈಗಾಗಲೇ ಒಂದು ಶಸ್ತ್ರಚಿಕಿತ್ಸೆ ನಡೆದಿರುವಾಗ, ಪತಿಯೇ ಗಾಯವಿಲ್ಲದ ಪುರುಷ ಸಂತಾನಹರಣ ಚಿಕಿತ್ಸೆಗೆ ಮುಂದಾಗುವುದು ನ್ಯಾಯವೂ ಹೌದು, ಸುಲಭವೂ ಹೌದು. ಕೆಲವೇ ನಿಮಿಷಗಳ ಈ ಚಿಕಿತ್ಸೆಯಿಂದ ಪುರುಷತ್ವಕ್ಕಾಗಲಿ ದುಡಿಯುವ ಶಕ್ತಿಗಾಗಲಿ ಕುಂದಿಲ್ಲ. ಚಿಕಿತ್ಸೆಯ ನಂತರ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯಪರೀಕ್ಷೆ ಮಾಡಿಸಿಕೊಂಡು ಖಚಿತಪಡಿಸಿಕೊಳ್ಳಬೇಕು. ಪತ್ನಿಯೇ ಮಾಡಿಸಿಕೊಳ್ಳುವುದಾದರೆ ಹಿಂದಿನ ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಮರೆಮಾಚದೆ ತಿಳಿಸಬೇಕು.

ಎಲ್ಲಾದರೂ ತಪ್ಪಾಗಿ ಹೋದರೆ, ಅಂಗಡಿಯಲ್ಲಿ ಸಿಗುವ ತುರ್ತು ಗುಳಿಗೆಯನ್ನೇ ನೆಚ್ಚಿ ಕೂರಬೇಡಿರಿ. ತೂಕ ಹೆಚ್ಚಿರುವವರಲ್ಲಿಯೂ ಬೈಪಾಸ್ ಆದವರಲ್ಲಿಯೂ ಅದರ ಪರಿಣಾಮ ಕಡಿಮೆಯಾಗಬಹುದು. ಐದು ದಿನಗಳೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಅದೇ ತುರ್ತು ಉಪಾಯವೂ ಆಗುತ್ತದೆ, ಮುಂದಿನ ರಕ್ಷಣೆಯೂ ಆಗುತ್ತದೆ.

ಆಹಾರ ಮತ್ತು ಜೀವಸತ್ವಗಳು

ಕಾಯುವ ಕಾಲವನ್ನು ಬರಿದೆ ಕಳೆಯಬಾರದು. ಕಣಜ ತುಂಬುವ ಕಾಲವದು. ಹೊಟ್ಟೆ ಚಿಕ್ಕದಾದುದರಿಂದ ಪ್ರತಿಯೊಂದು ತುತ್ತಿನಲ್ಲಿಯೂ ಸತ್ವವಿರಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಸಸಾರಜನಕ ಬೇಕು. ನಮ್ಮ ಜಿಲ್ಲೆಯ ಹೆಸರುವಾಸಿಯಾದ ತೊಗರಿಬೇಳೆ, ಮೊಳಕೆ ಬರಿಸಿದ ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು ಇವುಗಳನ್ನು ಮೊದಲು ತಿಂದು, ರೊಟ್ಟಿ ಅನ್ನಗಳನ್ನು ಅನಂತರ ಮುಟ್ಟುವುದು ಒಳ್ಳೆಯ ಪದ್ಧತಿ. ಚೆನ್ನಾಗಿ ಅಗಿದು, ನಿಧಾನವಾಗಿ ಉಣ್ಣಬೇಕು. ನೀರನ್ನು ಊಟದೊಡನೆ ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಬೈಪಾಸ್ ಆದವರು ಹೋಳಿಗೆ, ಮಾದಲಿಯಂಥ ಸಿಹಿಯನ್ನು ಹೆಚ್ಚಾಗಿ ತಿಂದರೆ ಬೆವರು, ಎದೆಬಡಿತ, ತಲೆಸುತ್ತು ಬರುವುದುಂಟು. ಜಾತ್ರೆಯ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಒಂದು ಚೂರು ಬಾಯಿಗೆ ಹಾಕಿಕೊಂಡರೆ ಭಕ್ತಿಗೇನೂ ಕೊರತೆಯಾಗದು.

ವೈದ್ಯರು ಬರೆದುಕೊಟ್ಟ ಜೀವಸತ್ವ, ಕಬ್ಬಿಣಾಂಶ ಹಾಗೂ ಸುಣ್ಣದ ಅಂಶದ ಗುಳಿಗೆಗಳು ಕೆಲವು ದಿನಗಳ ಔಷಧಿಯಲ್ಲ, ಬಾಳಿನುದ್ದಕ್ಕೂ ಬೇಕಾದ ಆಹಾರ. ಕಬ್ಬಿಣಾಂಶದ ಗುಳಿಗೆಯನ್ನೂ ಸುಣ್ಣದ ಅಂಶದ ಗುಳಿಗೆಯನ್ನೂ ಒಟ್ಟಿಗೆ ನುಂಗಬಾರದು. ನಡುವೆ ಎರಡು ಗಂಟೆಗಳ ಅಂತರವಿರಲಿ. ಕಬ್ಬಿಣಾಂಶದ ಗುಳಿಗೆಯೊಡನೆ ಚಹಾ ಕುಡಿಯಬಾರದು. ಗುಳಿಗೆಯಿಂದ ಹಿಮೋಗ್ಲೋಬಿನ್ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶವನ್ನು ಕೊಡಬಹುದು. ಬಿ-12 ಜೀವಸತ್ವವನ್ನೂ ಚುಚ್ಚುಮದ್ದಿನಿಂದ ಕೊಡುವುದುಂಟು. ಗರ್ಭ ಧರಿಸಲು ಯೋಚಿಸಿದ ದಂಪತಿಗಳು ಮೂರು ತಿಂಗಳು ಮುಂಚೆಯೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲವನ್ನು ಪ್ರಾರಂಭಿಸಬೇಕು.

ಪತಿಯ ಪಾಲು

ಮಕ್ಕಳಾಗದಿದ್ದಾಗ ದೋಷವನ್ನು ಪತ್ನಿಯ ತಲೆಗೆ ಕಟ್ಟುವುದು ನಮ್ಮಲ್ಲಿ ರೂಢಿಯಾಗಿದೆ. ಪತ್ನಿಯ ತೂಕವೊಂದೇ ಕಾರಣವೆಂದು ತೀರ್ಮಾನಿಸುವ ಮುನ್ನ ಪತಿಯ ವೀರ್ಯಪರೀಕ್ಷೆ ನಡೆಯಬೇಕು. ಅದು ಸುಲಭವಾದ ಪರೀಕ್ಷೆ. ಬೊಜ್ಜು ಗಂಡಸಿನ ಹಾರ್ಮೋನುಗಳನ್ನೂ ಏರುಪೇರು ಮಾಡುತ್ತದೆ. ತಂಬಾಕು, ಗುಟ್ಕಾ ಹಾಗೂ ಮದ್ಯ ವೀರ್ಯಕ್ಕೆ ಹಾನಿಕರ. ಹೆಂಡತಿ ಹೊಟ್ಟೆ ಕೊಯ್ಯಿಸಿಕೊಂಡು ತೂಕ ಇಳಿಸಿದ್ದಾಳೆ, ಗಂಡ ಗುಟ್ಕಾ ಚೀಟಿಯನ್ನು ಬಿಡಲಾರನೆಂದರೆ ಅದು ಸಮಪಾಲಿನ ಸಂಸಾರವಾಗದು.

ಗರ್ಭ ನಿಂತ ಮೇಲೆ

ಗರ್ಭಿಣಿಯೆಂದು ಗೊತ್ತಾದ ಕೂಡಲೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಿರಿ. ಶಸ್ತ್ರಚಿಕಿತ್ಸೆಯ ಕಾಗದಪತ್ರಗಳನ್ನು ಅದರೊಡನೆಯೇ ಇಟ್ಟುಕೊಳ್ಳಿರಿ. ಎರಡು ವಿಷಯಗಳನ್ನು ಎಂದಿಗೂ ಮರೆಯಬೇಡಿರಿ.

ಮೊದಲನೆಯದು ಸಕ್ಕರೆಯ ಪರೀಕ್ಷೆ. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರನ್ನು ಕುಡಿಸಿ, ಎರಡು ಗಂಟೆಗಳ ನಂತರ ರಕ್ತ ನೋಡುತ್ತಾರೆ. ಬೈಪಾಸ್ ಆದವರಿಗೆ ಒಮ್ಮೆಗೇ ಅಷ್ಟು ಸಿಹಿ ಕುಡಿದರೆ ತಲೆಸುತ್ತಿ ಬವಳಿ ಬರಬಹುದು. ಪರೀಕ್ಷೆಯ ಫಲಿತಾಂಶವೂ ತಪ್ಪಾಗಬಹುದು. ಲೋಟವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಆರೋಗ್ಯ ಸಿಬ್ಬಂದಿಗೆ ನಿಮ್ಮ ಶಸ್ತ್ರಚಿಕಿತ್ಸೆಯ ವಿಷಯವನ್ನು ತಿಳಿಸಿರಿ. ಊಟಕ್ಕೆ ಮುಂಚೆ ಹಾಗೂ ಊಟದ ನಂತರ ಕೆಲವು ದಿನ ರಕ್ತ ನೋಡುವ ಬೇರೆ ಮಾರ್ಗವಿದೆ.

ಎರಡನೆಯದು ಹೊಟ್ಟೆನೋವು. ಬೈಪಾಸ್ ಆದವರಲ್ಲಿ ಗರ್ಭ ಬೆಳೆದಂತೆ ಕರುಳು ಒಳಗಿನ ಸಂದಿನಲ್ಲಿ ಸಿಕ್ಕಿಕೊಳ್ಳುವುದುಂಟು. ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ ಕಾಣಿಸಿಕೊಂಡರೆ ಗರ್ಭಿಣಿಯರಿಗೆ ಇದು ಸಹಜವೆಂದು ಮನೆಮದ್ದು ಮಾಡುತ್ತ ಕೂರಬಾರದು. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ತಲುಪಬೇಕು.

ಹೆರಿಗೆ ತಜ್ಞರಿರುವ ಆಸ್ಪತ್ರೆಯಲ್ಲಿಯೇ ಆಗಲಿ. ತೂಕದ ಶಸ್ತ್ರಚಿಕಿತ್ಸೆಯಾಗಿದೆಯೆಂಬ ಒಂದೇ ಕಾರಣಕ್ಕೆ ಹೆರಿಗೆಯನ್ನೂ ಶಸ್ತ್ರಚಿಕಿತ್ಸೆಯಿಂದ ಮಾಡಬೇಕಾಗಿಲ್ಲ. ಮಗುವಿಗೆ ಎದೆಹಾಲು ಕೊಡಬಹುದು, ಕೊಡಲೇಬೇಕು. ಆದರೆ ತಾಯಿ ಬಿ-12 ಮುಂತಾದ ಜೀವಸತ್ವಗಳನ್ನು ನಿಲ್ಲಿಸಬಾರದು. ಆಕೆಯ ಕೊರತೆ ಹಾಲಿನ ಮೂಲಕ ಮಗುವಿಗೂ ದಾಟುತ್ತದೆ.

ಕಾಯುವ ಮುನ್ನವೇ ಗರ್ಭ ನಿಂತುಬಿಟ್ಟಿದ್ದರೆ ಹೆದರಬೇಡಿರಿ. ಅದೊಂದೇ ಕಾರಣಕ್ಕೆ ಗರ್ಭವನ್ನು ತೆಗೆಸಬೇಕೆಂಬ ನಿಯಮವಿಲ್ಲ. ಬಚ್ಚಿಡದೆ ಕೂಡಲೆ ಬನ್ನಿರಿ. ಒಂದು ವಾರ ಮೊದಲು ಬಂದರೂ ಅಷ್ಟರಮಟ್ಟಿಗೆ ಲಾಭವೇ.

ಮನೆಯ ಹಿರಿಯರಿಗೆ

ಅತ್ತೆ ಮಾವಂದಿರಲ್ಲಿ ನನ್ನ ವಿನಂತಿ ಇಷ್ಟೆ. ಮೊಮ್ಮಗುವಿನ ಮುಖ ನೋಡಬೇಕೆಂಬ ನಿಮ್ಮ ಆಸೆ ಸಹಜವಾದುದು. ಆದರೆ ಸೊಸೆ ತೆಳ್ಳಗಾದಳೆಂದ ಕೂಡಲೆ ತಿಂಗಳು ತಿಂಗಳೂ ವಿಚಾರಿಸಬೇಡಿರಿ. ಹರಕೆಯನ್ನು ಬಿಡಬೇಕಾಗಿಲ್ಲ, ತುಸು ಮುಂದಕ್ಕೆ ಇಡಿರಿ. ಬಿತ್ತುವ ಮುನ್ನ ಹೊಲವನ್ನು ಹರಗಿ, ಗೊಬ್ಬರ ಹಾಕಿ, ಹಸಿಗಾಗಿ ಕಾಯುವ ಒಕ್ಕಲಿಗರಿಗೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಮೊದಲು ಹೇಳಿದ ಆ ತಾಯಿಯ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ರಕ್ತನಾಳದ ಮೂಲಕ ಕಬ್ಬಿಣಾಂಶವನ್ನೂ ಜೀವಸತ್ವಗಳ ಚುಚ್ಚುಮದ್ದನ್ನೂ ಕೊಟ್ಟು, ತಜ್ಞರ ಬಳಿಗೆ ಕಳುಹಿಸಿದೆವು. ದಿನ ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ತೂಕ 1 ಕಿಲೋ 900 ಗ್ರಾಂ. ನವಜಾತ ಶಿಶುಗಳ ಘಟಕದಲ್ಲಿ ಆ ಮಗು ಮೂರು ವಾರ ಕಳೆಯಿತು. ಗಾಜಿನ ಆಚೆ ನಿಂತು ಆ ಅಜ್ಜಿ ಮೂರು ವಾರವೂ ಮೊಮ್ಮಗಳನ್ನು ದೂರದಿಂದಲೇ ನೋಡಿದರು. ಈಗ ತಾಯಿ ಮಗು ಇಬ್ಬರೂ ಕ್ಷೇಮ. ಮುಂದಿನ ಮಗುವಿಗೆ ಸಾಕಷ್ಟು ಅಂತರವಿರಲೆಂದು ಅವರು ಕಾಪರ್-ಟಿಯನ್ನು ಆರಿಸಿಕೊಂಡಿದ್ದಾರೆ. ಆ ಮೂರು ವಾರಗಳ ಕಳವಳ ಅವರಿಗೆ ಬೇಕಾಗಿರಲಿಲ್ಲ. ನಾನು ಒಂದು ಪ್ರಶ್ನೆ ಕೇಳಿದ್ದರೆ, ಅವರು ಒಂದು ಪ್ರಶ್ನೆ ಕೇಳಿದ್ದರೆ, ಆ ತೊಂದರೆ ಮೊದಲೇ ಗೊತ್ತಾಗುತ್ತಿತ್ತು.

ಅಂದಿನಿಂದ ಇಂಥವರು ಬಂದಾಗಲೆಲ್ಲ ನಾನು ತಪ್ಪದೆ ಕೇಳುತ್ತೇನೆ. ನೀವೂ ಸಂಕೋಚಪಡದೆ ಕೇಳಿರಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವಾಗಲೇ ಗರ್ಭನಿರೋಧದ ವಿಧಾನವನ್ನೂ ಗೊತ್ತುಮಾಡಿಕೊಳ್ಳಿರಿ. ಎರಡು ತೇರು ಕಳೆಯಲಿ. ಮೂರನೆಯ ತೇರಿಗೋ ನಾಲ್ಕನೆಯ ತೇರಿಗೋ ತುಂಬಿದ ತೂಕದ ಕೂಸನ್ನು ಎತ್ತಿಕೊಂಡು ಗಂಡಹೆಂಡತಿ ಇಬ್ಬರೂ ಜಾತ್ರೆಗೆ ಹೋಗುವಂತಾಗಲಿ.